ದೇವರ ಕಿವಿಗೆ ಚಾಡಿ

“ಕರ್ತನೇ, ನನ್ನ ಅಕ್ಕನಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದ ಈ ಕಲ್ಲು ಮನಸ್ಸನ್ನ ಕರಗಿಸಪ್ಪಾ,” ಎಂದ ಗಂಡ, ಮಂಡಿಯೂರಿ ಹೆಂಡತಿಯ ಕೈ ಹಿಡಿದುಕೊಂಡೇ. ದಿನಾ ಬೆಳಿಗ್ಗೆ ಜೊತೆಯಾಗಿ ಪ್ರಾರ್ಥಿಸುವುದು ಮದುವೆಯ ದಿನವೇ ಆದ ಒಪ್ಪಂದ. ಒಬ್ಬರು ಪ್ರಾರ್ಥಿಸಿದರೆ ಇನ್ನೊಬ್ಬರು ‘ಆಮೆನ್’ ಅನ್ನಬೇಕು. ಅಲ್ಲಿಯವರೆಗೆ ಕೈ ಬಿಡುವಂತಿಲ್ಲ.

ಇವತ್ತು ಅವಳು ಅನ್ನಲಿಲ್ಲ. ಅವನ ಹಿಡಿತ ಬಿಗಿಯಾಗಿ ಉಂಗುರ ಅವಳ ಬೆರಳಿಗೆ ಒತ್ತಿತು. “ಆಮೆನ್ ಅನ್ನು,” ಎಂದು ಹಲ್ಲು ಕಡಿದ. ಅವಳು ಕಣ್ಣು ತೆರೆದಳು. ಅವನ ಕಣ್ಣುಗಳು ಮೊದಲೇ ತೆರೆದಿದ್ದವು, ಅವಳನ್ನೇ ದುರುಗುಟ್ಟಿ ನೋಡುತ್ತಿದ್ದವು.

ಅವಳು ಮತ್ತೆ ಕಣ್ಣು ಮುಚ್ಚಿದಳು. “ಕರ್ತನೇ, ಇವರು ಮಾತಾಡ್ತಿರೋದು ನಿನ್ನ ಹತ್ರ ಅಲ್ಲ, ನನ್ನ ಹತ್ರ. ನೀನ್ಯಾಕೆ ಸುಮ್ನೆ ಮಧ್ಯ ಕೂತಿದ್ದೀಯ? ಎದ್ದು ಹೋಗು ತಂದೆ.”

ಆಮೆನ್ ಅನ್ನುವ ಸರದಿ ಈಗ ಅವನದು. ಅವನು ಕೈ ಬಿಡಿಸಿಕೊಳ್ಳಲು ಕೊಸರಾಡಿದ. ಅವಳು ಬಿಡಲಿಲ್ಲ.