ಕೆಂಚಿಯ ಮಗಳು

ಮರಿಗಳು ತಾಯಿಯ ನೆನಪುಗಳನ್ನೆಲ್ಲ ಹೊತ್ತೇ ಹುಟ್ಟುವುದರಿಂದ, ನಾಯಿಮರಿ ಕೇಂದ್ರಕ್ಕೆ ಬಂದವರೆಲ್ಲ ಮೊದಲು ತಾಯಿ ಯಾವುದೆಂದೇ ಕೇಳುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಪುಟ್ಟಮಾದಯ್ಯನವರೂ ಕೇಳಿದರು. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ದಾರಿ ತೋರಿಸುವ ಮರಿಯೊಂದು ಬೇಕಿತ್ತು.

"ಇದರ ತಾಯಿ ಪೊಲೀಸ್ ನಾಯಿ, ತಾತ. ಇದರದ್ದು ರೈಲ್ವೆ ಸ್ಟೇಷನ್ನಲ್ಲಿದ್ದೋಳು," ಎನ್ನುತ್ತ ಕೇಂದ್ರದ ಶಾಹಿದಾ ಒಂದೊಂದನ್ನೇ ಅವರ ಮಡಿಲಿಗಿಟ್ಟಳು. ಅಷ್ಟರಲ್ಲಿ ಮೂಲೆಯಿಂದ ಒಂದು ಮರಿ ರೋಷದಿಂದ ಬೊಗಳತೊಡಗಿತು.

"ಅದು ಬೇಡ ಬಿಡಿ. ಕುಂಬಾರ ಬೀದಿ ಕೆಂಚಿ ಮರಿ. ಯಾರಿಗೂ ಬೊಗಳದೇ ಇದ್ದದ್ದು ನಿಮ್ಮನ್ನ ಕಂಡು ಹಿಂಗಾಡ್ತಿದೆ!"

ಪುಟ್ಟಮಾದಯ್ಯನವರ ಮುಖ ಅರಳಿತು. "ಕೆಂಚೀದಾ! ಹನ್ನೊಂದು ವರ್ಷ ನನ್ನ ಸೈಕಲ್ ಅಟ್ಟಿಸ್ಕೊಂಡು ಬಂದೋಳು ಕಣವ್ವ. ಮಳೆ ಇರ್ಲಿ, ಬಿಸಿಲಿರ್ಲಿ, ಒಂದಿನ ತಪ್ಪಿಸಿದೋಳಲ್ಲ. ನಾನೆಲ್ಲಿ ನಿಲ್ತಿದ್ದೆ, ಎಲ್ಲಿ ಚರಂಡಿ ದಾಟ್ತಿದ್ದೆ, ಎಲ್ಲಾ ಗೊತ್ತವಳಿಗೆ. ಇದನ್ನೇ ಕೊಡು."

ಕುಂಬಾರ ಬೀದಿಗೆ ಬರುತ್ತಲೇ ಮರಿ ಬೊಗಳುತ್ತ ಹಗ್ಗ ಜಗ್ಗಿತು. ಚರಂಡಿ ದಾಟಿಸಿ ಅವರನ್ನು ಮೊದಲ ಮನೆಯ ಗೇಟಿಗೆ ತಂದು ನಿಲ್ಲಿಸಿತು. ಅಲ್ಲಿ ಒಂದು ಕಾಗದ ಹಾಕುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಬೊಗಳುತ್ತ ಮುಂದಿನ ಮನೆಗೆ ಹೊರಟಿತು.