ಮೇಲಿನಿಂದ ಕೆಳಗೆ

‘ಆಟಗಾರನ ಕೈಯಲ್ಲಿರುತ್ತದೆ, ಕತ್ತಲಲ್ಲಿ ಹಾರುತ್ತದೆ.’ ಇಂಗ್ಲಿಷ್ ಪದಬಂಧದ ಮೂರು ಚೌಕಗಳಲ್ಲಿ ಮಾವ ಬರೆದದ್ದು: ಕ್ಯಾಟ್.

ಸೀಮಾ ಇನ್ನೊಮ್ಮೆ ಓದಿದಳು. ‘ಬ್ಯಾಟ್’ ಎನ್ನುವುದು ಮಕ್ಕಳಿಗೂ ಗೊತ್ತು. ಬರೆದವರು ಲಕ್ಷ್ಮೇಶ್ವರದ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿ ನಿವೃತ್ತರಾದ ಅಂದಾನಪ್ಪ ಮಾಸ್ತರರು. “ಸಣ್ಣ ಶಬ್ದ ನಂಬಬ್ಯಾಡವ್ವಾ, ಒಂದೊಂದಕ್ಕ ನಾಕ ಮುಖ ಇರ್ತಾವ” ಎಂದು ಸೊಸೆಗೂ ಪದಬಂಧದ ರುಚಿ ಹತ್ತಿಸಿದವರು.

ಮಾವನ ಅಣ್ಣ ಕೊನೆಗಾಲದಲ್ಲಿ ಹೆಂಡತಿಯನ್ನೇ ‘ನೀ ಯಾರ?’ ಎಂದು ಕೇಳಿದ್ದರು. ಅದೂ ಇಂಥ ಸಣ್ಣ ತಪ್ಪುಗಳಿಂದಲೇ ಶುರುವಾಗಿತ್ತು.

ಈಗ ಮಾವ ಸ್ಕೂಟರಿನ ಕೀಲಿ ಹಿಡಿದು ಹೊರಟಿದ್ದರು. ಮೊಮ್ಮಗಳು ಐಶ್ವರ್ಯಾಳನ್ನು ಶಾಲೆಯಿಂದ ಕರೆತರುವ ಹೊತ್ತು. ನಡುವೆ ಲಾರಿಗಳ ರಸ್ತೆ ದಾಟಬೇಕು.

“ಮಾವಾರ, ಇವತ್ತ ನಾನ ಹೋಗ್ತೀನ್ರಿ.”

“ಯಾಕ? ನನ್ನ ಸ್ಕೂಟರಿಗೆ ಏನ ಜಡ್ಡ ಬಂದೈತಿ?”

ಅವಳು ಪತ್ರಿಕೆ ಚಾಚಿದಳು. ‘ಕ್ಯಾಟ್’ ಮೇಲೆ ಬೆರಳಿಟ್ಟಳು. ಮಾಸ್ತರರು ನೋಡಿ ನಕ್ಕರು.

ಅವರದೂ ಬಟ್ಟೆ ಅಂಗಡಿಯ ಗೆಳೆಯ ಮುರ್ತುಜಾಸಾಬರದೂ ಒಂದೇ ಪತ್ರಿಕೆ, ಒಂದೇ ಪದಬಂಧ. ಮೇಲಿನಿಂದ ಕೆಳಗಿನ ಶಬ್ದಗಳು ಮುರ್ತುಜಾ ಪಾಲು, ಎಡದಿಂದ ಬಲಕ್ಕೆ ಮಾಸ್ತರರ ಪಾಲು. ಪತ್ರಿಕೆ ಮೊದಲು ಹೋಗುವುದು ಸಾಬರ ಮನೆಗೆ. ಮಾಸ್ತರರು ಅದನ್ನು ತಂದು, ದಾರಿಯಲ್ಲೇ ಸೋಮೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತು, ತಮ್ಮ ಪಾಲು ಮುಗಿಸಿ ಬರುವುದು ವರ್ಷಗಳ ರೂಢಿ.

“ಅವಂದ ನೋಡು. ವಕೀಲರಿಗೂ ಬೇಕು, ಕುಡುಕರಿಗೂ ಬೇಕು ಅಂತ ಕೇಳ್ಯಾರ. ‘ಬಾರ್’ ಬರಿಯೂದ ಬಿಟ್ಟು ‘ಕಾರ್’ ಬರದಾನ. ಎರಡೂ ಶಬ್ದ ಒಂದ ಚೌಕದಿಂದ ಸುರು, ಅವನ ಮೊದಲನೇ ಅಕ್ಷರಕ್ಕ ನಾ ಕೂಡಸಬೇಕಲ್ಲ? ತಿದ್ದಿದರ ತನ್ನ ತಪ್ಪ ಅವಗ ತಿಳದಬಿಡ್ತೈತಿ.” ದನಿ ತಗ್ಗಿತು. “ಪಾಪ, ಮುರ್ತುಜಾಗ ಮರೆವು ಹತ್ತೈತಿ. ಯಾರ ಮುಂದೂ ಅನಬ್ಯಾಡ.”

ಗೆಳೆಯನ ಮಾನ ಉಳಿಸಲು ಬೇಕೆಂದೇ ತಪ್ಪು ಬರೆದಿದ್ದರು! ಸಂಶಯಪಟ್ಟದ್ದಕ್ಕೆ ಸೀಮಾಳಿಗೆ ನಾಚಿಕೆಯಾಯಿತು. ಸ್ಕೂಟರ್ ಸದ್ದು ಮಾಡುತ್ತ ಓಣಿ ದಾಟಿತು.

ಮನಸ್ಸು ತಡೆಯದೆ ಅವಳು ನಾಲ್ಕು ಶೇಂಗಾ ಉಂಡಿ ಕಟ್ಟಿಕೊಂಡು ಮುರ್ತುಜಾಸಾಬರ ಮನೆಗೆ ಹೋದಳು. ಅವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು.

“ಆರಾಮ ಅದೀರೇನ್ರಿ, ಕಾಕಾ?”

“ಯಾರು, ಸೀಮಾನ? ದನಿ ಮ್ಯಾಗ ಗುರ್ತ ಹಿಡದೆ ನೋಡು. ಐಶ್ವರ್ಯಾನ ಕೆಮ್ಮ ಕಡಿಮಿ ಆತೇನವಾ?”

ಕೆಮ್ಮಿನ ಮಾತು ಇವರಿಗೆ ಹೇಳಿ ವಾರವಾಗಿತ್ತು. ಮರೆತಿಲ್ಲವಲ್ಲ ಎಂದು ಅವಳಿಗೆ ಸಮಾಧಾನವೆನಿಸಿತು. ನೋವಾಗದಂತೆ ಕೇಳಿದಳು: “ಇವತ್ತಿನ ಪದಬಂಧ ಭಾಳ ಕಠಿಣ ಇತ್ತೇನ್ರಿ?”

“ನನಗೇನ ಗೊತ್ತವಾ?” ಸಾಬರು ಉಂಡಿಗಾಗಿ ಗಾಳಿಯಲ್ಲಿ ಕೈ ತಡವರಿಸಿದರು. “ಕಣ್ಣಾಗ ಪೊರಿ ಬಂದು, ದೀಪಾವಳಿಯಿಂದ ನಾ ಪೆನ್ನ ಮುಟ್ಟಿಲ್ಲ. ಖಾಲಿ ಪೇಪರ ಒಯ್ದು ಎರಡೂ ಪಾಲು ಮಾಸ್ತರನೇ ಬರೀತಾನ.”