ಅಕ್ಕನ ಜಡೆ

"ಆ ಊರುಗೋಲು ಇತ್ತ ಕೊಡಿ ಅಮ್ಮಾ, ಫೋಟೋ ಕೆಡುತ್ತೆ," ಎಂದು ಸ್ಟುಡಿಯೋದವನು ಕೈ ಚಾಚಿದ. ಚಿಕ್ಕಮ್ಮ ರೂಢಿಯಂತೆ ಕೊಡಲು ಹೋದಳು.

ಚಿಕ್ಕಂದಿನ ಫೋಟೋಗಳೆಲ್ಲ ಹೀಗೇ ತೆಗೆದವು. ಊರುಗೋಲನ್ನು ಯಾರೋ ಬಾಗಿಲ ಹಿಂದೆ ಇಡುತ್ತಿದ್ದರು. ಅವಳು ಅಕ್ಕನ ಬೆನ್ನ ಹಿಂದೆ, ಬೀಳದಂತೆ ಅಕ್ಕನ ಜಡೆ ಹಿಡಿದು ನಿಲ್ಲುತ್ತಿದ್ದಳು. "ಮೆಲ್ಲಗೆ ಹಿಡಿಯೇ, ತಲೆ ಬೋಳಾದ್ರೆ ನನ್ನನ್ಯಾರು ಕಟ್ಕೋತಾರೆ?" ಎಂದು ಅಕ್ಕ ನಗಿಸುತ್ತಿದ್ದಳು. ಅಕ್ಕ ತೀರಿಕೊಂಡ ಮೇಲೆ ಚಿಕ್ಕಮ್ಮ ಜನರೆದುರು ಬರುವುದನ್ನೇ ಬಿಟ್ಟಿದ್ದಳು. ಇವತ್ತು ಮನೆಮಂದಿಯೆಲ್ಲ ಸೇರಿ ತೆಗೆಸುವ ಫೋಟೋಗೆ ಅಕ್ಕನ ಮಗಳೇ ಹಟ ಮಾಡಿ ಕರೆತಂದಿದ್ದಳು.

ಚಿಕ್ಕಮ್ಮನ ಮುಂದೆ ನಿಂತಿದ್ದ ಆ ಹುಡುಗಿ ಈಗ ತಿರುಗಿ ಪಿಸುಗುಟ್ಟಿದಳು: "ನನ್ನದು ಮೋಟು ಕೂದಲು ಚಿಕ್ಕಮ್ಮ, ಹಿಡ್ಕೊಳ್ಳೋಕೆ ಸಿಗಲ್ಲ."

ಚಿಕ್ಕಮ್ಮ ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು. ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು ಮನೆಮಂದಿಯ ಮುಂದಿನ ಸಾಲಿಗೆ ಬಂದಳು. "ಇದು ಬಿಟ್ರೆ ಬೀಳ್ತೀನಪ್ಪ. ಹೀಗೇ ತೆಗಿ."